ಪುಣೆಯವರು ಕಾರ್ನರ್ ನೋಡ್ತಾರ, ನಾವು ರೈಡರ್ ನೋಡ್ತೀವಿ

ಕಲಬುರಗಿ ಕಡೆ ಕಬಡ್ಡಿ ಪಂದ್ಯ ಅಂದ್ರೆ ಮೊದಲು ಕೇಳುವ ಮಾತು "ರೈಡರ್ ಯಾರ್ ಹಾನ್ರಿ?" ಆಳಂದ, ಜೇವರ್ಗಿ, ಅಫಜಲಪುರ, ಎಲ್ಲಿಗೇ ಹೋಗಿ. ನಾಗರಪಂಚಮಿ ಆಟವಿರಲಿ, ಜಾತ್ರೆಯ ಟೂರ್ನಮೆಂಟ್ ಇರಲಿ, ಸೀಟಿ, ಹಾರ, ಮೈಕಿನ ಹೊಗಳಿಕೆ ಎಲ್ಲ ಎದುರಾಳಿ ಅಂಕಣಕ್ಕೆ ನುಗ್ಗಿ ಅಂಕ ತರುವ ಈ ರೈಡರ್‌ಗೇ. ಪುಣೆಯ ಬಾಲೇವಾಡಿಯಲ್ಲಿ ಪ್ರೊ ಕಬಡ್ಡಿ ನೋಡುವ ಹಳೆ ಮಂಡಳಗಳ ಆಟಗಾರರು ಕೇಳುವುದೇ ಬೇರೆ: ಹಿಡಿಯುವವರ ಸಾಲಿನ ಎಡತುದಿಯಲ್ಲಿ ನಿಲ್ಲುವ ಎಡ ಕಾರ್ನರ್ ಯಾರು, ಅವನಿಗೆ ಒತ್ತಾಸೆಯಾಗುವ ಪಕ್ಕದ ಕವರ್ ಯಾರು. ಪುಣೆಯಲ್ಲೇ ನೆಲೆಸಿದ ಕಲಬುರಗಿಯವನಾಗಿ ಹೇಳುತ್ತೇನೆ, ಈ ವಿಷಯದಲ್ಲಿ ಅವರದೇ ಸರಿ.

ನಮ್ಮವರ ಕಣ್ಣಲ್ಲಿ ಇನ್ನೂ 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್ ಕೂತಿದೆ. ರೈಡರ್ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ, ಬೆಂಗಳೂರು ಬುಲ್ಸ್ 38-33ರಿಂದ ಗುಜರಾತನ್ನು ಸೋಲಿಸಿ ಕಪ್ ಎತ್ತಿತು. ಅದೇ ಭ್ರಮೆಯಲ್ಲಿ ಉಳಿದುಬಿಟ್ಟೆವು. ಆಮೇಲಿನ ಲೆಕ್ಕ ನೋಡಿ. 2022ರಲ್ಲಿ ತಮಿಳ್ ತಲೈವಾಸ್ ಇದೇ ಪವನ್‌ಗೆ 2.26 ಕೋಟಿ ಸುರಿಯಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಆತ ಇಡೀ ಸೀಸನ್ ಹೊರಗೆ. ಆದರೆ ತಲೈವಾಸ್ ಮೊದಲ ಸಲ ಸೆಮಿಫೈನಲ್ ಮುಟ್ಟಿದ್ದು ಆ ವರ್ಷವೇ, ನರೇಂದರ್ ಎಂಬ ಹುಡುಗ ರೈಡರ್ ಮತ್ತು ಸಾಗರ್, ಸಾಹಿಲ್ ಎಂಬ ಎರಡು ಕಾರ್ನರ್‌ಗಳನ್ನು ನಂಬಿ. ಮರುವರ್ಷ ತೆಲುಗು ಟೈಟನ್ಸ್ ಪವನ್‌ಗೆ 2.6 ಕೋಟಿ ಕೊಟ್ಟಿತು. ಆತ ಇನ್ನೂರು ರೈಡ್ ಅಂಕ ದಾಟಿದರೂ ತಂಡ ಕಟ್ಟಕಡೆಗೆ ಬಿತ್ತು. ಪವನ್ ಕೆಟ್ಟ ಆಟಗಾರ ಅಂತಲ್ಲ. ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ತೆಗೆದವನು ಆತ. ಒಬ್ಬ ರೈಡರ್ ತಂದದ್ದನ್ನು ಹಿಂದಿನ ಆರು ಜನ ಉಳಿಸಿಕೊಳ್ಳದಿದ್ದರೆ ಏನೂ ನಡೆಯದು, ಅಷ್ಟೇ.

ಮೊಹಮ್ಮದ್‌ರೆಜಾ ಶಾದ್ಲೂಯಿಯದು ಇದಕ್ಕೆ ಉಲ್ಟಾ ಕಥೆ. ಇರಾನಿನ ಈ ಎಡ ಕಾರ್ನರ್‌ಗೆ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟಿತು, ರೈಡರ್‌ಗಳನ್ನು ಹಿಡಿದು ಗಳಿಸುವ ಟ್ಯಾಕಲ್ ಅಂಕ 99 ಬಂತು, 2024ರ ಮಾರ್ಚ್‌ನಲ್ಲಿ ಕಪ್ ಬಂತು. ಮುಂದಿನ ಸೀಸನ್ ಹರಿಯಾಣ ಸ್ಟೀಲರ್ಸ್‌ಗೆ ಹೋದ, ಅವರಿಗೂ ಕಪ್. ಹತ್ತರಿಂದ ಹನ್ನೆರಡನೇ ಸೀಸನ್ ತನಕದ ಮೂರು ಫೈನಲ್‌ಗಳ ಸ್ಕೋರು 28-25, 32-23, 31-28. ಹಿಡಿಯುವವರು ಗೆಲ್ಲಿಸಿದ ಪಂದ್ಯಗಳು ಹೀಗೇ ಕಡಿಮೆ ಅಂಕದವು ಇರುತ್ತವೆ.

ಹಿಡಿತ ಅಂದ್ರೆ ಬರೀ ಕಸುವಲ್ಲ. ರೈಡರ್ ಬೋನಸ್‌ಗೆ, ಅಂದ್ರೆ ಹೆಚ್ಚುವರಿ ಅಂಕದ ಗೆರೆ ದಾಟಲು, ಕಾಲು ಚಾಚಿದಾಗ ಒಂದು ಪಾದ ಆ ಗೆರೆ ದಾಟಿರುತ್ತದೆ, ಇನ್ನೊಂದು ಗಾಳಿಯಲ್ಲಿರುತ್ತದೆ. ಅವನು ತೂಕವನ್ನು ಹಿಂದಕ್ಕೆ ಎಳೆದುಕೊಳ್ಳುವ ಆ ಗಳಿಗೆಯಲ್ಲೇ ಕಾರ್ನರ್ ಕಣಕಾಲಿಗೆ ಬೀಳಬೇಕು. ಮುಂಚೆ ಬಿದ್ದರೆ ರೈಡರ್ ಜಿಗಿದು ದಾಟುತ್ತಾನೆ, ತಡವಾದರೆ ಬರೀ ಬೆರಳು ಸಿಗುತ್ತದೆ. ಕಣಕಾಲು ಸಿಕ್ಕರೂ ಕೆಲಸ ಅರ್ಧ ಮಾತ್ರ. ಪಕ್ಕದ ಕವರ್ ಆ ಕ್ಷಣವೇ ಸೊಂಟಕ್ಕೆ ಹಾಯ್ದು ಮಧ್ಯದ ಗೆರೆಯ ದಾರಿ ಮುಚ್ಚಬೇಕು. ಅವನು ಒಂದು ಹೆಜ್ಜೆ ಹಿಂದುಳಿದರೆ ರೈಡರ್ ಕಾರ್ನರ್‌ನನ್ನು ಎಳೆದುಕೊಂಡೇ ಕೈ ಚಾಚಿ ಗೆರೆ ಮುಟ್ಟುತ್ತಾನೆ, ಮೈಗೆ ತಾಗಿದವರೆಲ್ಲ ಔಟ್. ನಮ್ಮೂರ ಆಟಗಳಲ್ಲಿ ಕೆಡುವುದು ಇಲ್ಲೇ: ಕಾರ್ನರ್‌ಗೆ ಧೈರ್ಯ ಇರುತ್ತದೆ, ಕವರ್ ನಿಂತು ನೋಡುತ್ತಾನೆ. ಆಮೇಲೆ ಬೈಗುಳ ಮಾತ್ರ ಕಾರ್ನರ್‌ಗೆ!

ಮಣ್ಣಿಗೂ ಮ್ಯಾಟಿಗೂ ಇರುವ ಅಂತರವನ್ನೂ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರಿಗಾಲಲ್ಲಿ ಮಣ್ಣಿನ ಮೇಲೆ ಪಾದ ಚೂರು ಜಾರುತ್ತದೆ, ಹಿಡಿತ ಬಿದ್ದಾಗ ಮೊಣಕಾಲಿನ ಮೇಲಿನ ತಿರುಚು ಕಡಿಮೆ. ಮ್ಯಾಟಿನಲ್ಲಿ ಶೂ ಕಚ್ಚಿಕೊಳ್ಳುತ್ತದೆ. ಪಾದ ನಿಂತಲ್ಲೇ ನಿಂತು ಮೈ ತಿರುಗಿದರೆ ಮೊಣಕಾಲಿನ ಒಳಗಿನ ನಾರು ಹರಿಯಬಹುದು. ಮಣ್ಣಲ್ಲೇ ಬೆಳೆದ ಹುಡುಗನನ್ನು ಆಯ್ಕೆ ಪಂದ್ಯದ ದಿನ ಮೊದಲ ಸಲ ಶೂ ಹಾಕಿಸಿ ಮ್ಯಾಟಿಗೆ ಇಳಿಸುವುದು ಅನ್ಯಾಯ. 13×10 ಮೀಟರ್ ಅಂಕಣಕ್ಕೆ ಒಂದು ಮೀಟರ್ ಚೌಕದ 130 ತುಂಡು ಸಾಕು, ಸುತ್ತ ಅಂಚಿಗೆ ಇನ್ನಷ್ಟು. ತಾಲ್ಲೂಕಿಗೊಂದು ಜೋಡಿಸಿಡುವುದು ದೊಡ್ಡ ಮಾತೇನಲ್ಲ.

ಹಾಗಂತ ಪುಣೆಯವರು ಹೇಳಿದ್ದೆಲ್ಲ ವೇದವಾಕ್ಯವಲ್ಲ. ಹನ್ನೊಂದನೇ ಸೀಸನ್‌ನಲ್ಲಿ ರೈಡರ್ ಅಸ್ಲಂ ಇನಾಮದಾರ್ ಗಾಯಗೊಂಡ ಮೇಲೆ ಪಲ್ಟನ್ ಪ್ಲೇ-ಆಫ್ ಕೂಡ ಮುಟ್ಟಲಿಲ್ಲ. ಆಗ ಅವರಿಗೂ ರೈಡರ್ ಬೆಲೆ ಗೊತ್ತಾಯಿತು. ಇನ್ನೊಂದು, ಪಲ್ಟನ್‌ಗೆ ಕಪ್ ತಂದ ಕೋಚ್ ಬಿ.ಸಿ. ರಮೇಶ್ ನಮ್ಮ ಕನ್ನಡದವರು ಅನ್ನುವುದನ್ನು ಇಲ್ಲಿ ಯಾರೂ ತಾವಾಗಿ ಎತ್ತುವುದಿಲ್ಲ. ನಾವೇ ಎತ್ತಬೇಕು. 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಕಪ್ ಗೆಲ್ಲಿಸಿದ್ದು ಅವರೇ.

ಅವರನ್ನು ಬುಲ್ಸ್ ಕರೆತಂದದ್ದು ಯಾವಾಗ? ರೈಡರ್ ಪರ್ದೀಪ್ ನರ್ವಾಲ್‌ಗೆ 70 ಲಕ್ಷ ಕೊಟ್ಟು, 22 ಪಂದ್ಯಗಳಲ್ಲಿ ಎರಡೇ ಗೆದ್ದು, ಕೊನೆಯ ಸ್ಥಾನಕ್ಕೆ ಬಿದ್ದ ಮೇಲೆ. ಒಂದೇ ಸೀಸನ್‌ಗೆ 369 ರೈಡ್ ಅಂಕ ತೆಗೆದ ಪರ್ದೀಪ್ ಹೆಸರು ಕೇಳಿಯೇ ಕಲಬುರಗಿಯಲ್ಲಿ ಎಷ್ಟು ಮಂದಿ ಈ ಸಲ ಕಪ್ ನಮ್ದೇ ಅಂದಿರಲಿಲ್ಲ! ಆ 369 ಬಂದಿದ್ದು 2017ರಲ್ಲಿ. 2025ರಲ್ಲಿ ರಮೇಶ್ ಬಂದರು. ನಾಯಕತ್ವ ಯೋಗೇಶ್ ಎಂಬ ಡಿಫೆಂಡರ್‌ಗೆ, ಜೊತೆಗೆ ಇರಾನಿನ ರೈಡರ್ ಅಲಿರೆಜಾ ಮಿರ್ಜಾಯಿಯನ್. ತಂಡ ಪ್ಲೇ-ಆಫ್ ಸೇರಿತು.

ಹಾಗಾದ್ರೆ ನಮ್ಮ ಟೂರ್ನಮೆಂಟ್ ಕಮಿಟಿಯವರು ಮಾಡಬಹುದಾದದ್ದು ಇಷ್ಟು. ಉತ್ತಮ ರೈಡರ್‌ಗೆ ಎಷ್ಟು ದುಡ್ಡು ಇಡ್ತೀರೋ ಉತ್ತಮ ಕ್ಯಾಚರ್‌ಗೂ ಅಷ್ಟೇ ಇಡಿ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ಎರಡು ಅಂಕ ಅನ್ನುವ ಸೂಪರ್ ಟ್ಯಾಕಲ್ ನಿಯಮವನ್ನು ಹಳ್ಳಿ ಆಟದಲ್ಲೂ ತನ್ನಿ. ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದರಲ್ಲಿ ಅಂಕ ತರಲೇಬೇಕು ಅನ್ನುವುದನ್ನೂ ತನ್ನಿ. ರೈಡರ್ ಸುಮ್ಮನೆ ಗೆರೆ ಮುಟ್ಟಿ ವಾಪಸ್ ಬರುವ ಆಟ ಆಗ ನಿಲ್ಲುತ್ತದೆ, ಕಾರ್ನರ್‌ಗೆ ಕೈ ಹಾಕಲು ಅವಕಾಶ ಸಿಗುತ್ತದೆ. ಮೈಕ್ ಹಿಡಿದವರಿಗೂ ಒಂದು ವಿನಂತಿ: ಹಿಡಿತ ಬಿದ್ದಾಗ ಕಾಲು ಹಿಡಿದವನ ಹೆಸರಿನ ಜೊತೆ ಸೊಂಟಕ್ಕೆ ಬಂದವನ ಹೆಸರನ್ನೂ ಕೂಗಿ.