ವಾಂಕಾ ಮುಖಂಡರು ಸ್ಪೇನಿನವರ ಕೈ ಹಿಡಿದದ್ದು ಸರಿಯೇ?

ಪರ

ಸ್ಪೇನಿನವರು ಬಂದಾಗ ಪೆರುವಿನ ಮಂತಾರೊ ಕಣಿವೆಯ ವಾಂಕಾ ಜನ ಸ್ವತಂತ್ರರಾಗಿರಲಿಲ್ಲ, ಇಂಕಾ ದೊರೆಗಳ ಕೈಕೆಳಗಿದ್ದರು. ಇಂಕಾಗಳ ವಿರುದ್ಧ ಅವರು ಸ್ಪೇನಿನವರಿಗೆ ನೆರವಾದರು. ಇದನ್ನು ಮರೆತೇ ಎಲ್ಲರೂ ಅವರನ್ನು ದ್ರೋಹಿಗಳು ಎನ್ನುತ್ತಾರೆ.

ಒಂದು ಕಾಲಕ್ಕೆ ಅವರು ಗುಡ್ಡದ ಮೇಲೆ ಕಲ್ಲಿನ ಗೋಡೆ ಕಟ್ಟಿಕೊಂಡು, ತಮ್ಮದೇ ಮುಖಂಡರ ಕೈಕೆಳಗೆ ಬಾಳಿದವರು. ತುನನ್‌ಮರ್ಕ ಅಂಥ ಒಂದು ದೊಡ್ಡ ಊರು. 1460ರ ಸುಮಾರಿಗೆ ಇಂಕಾ ಸೇನೆ ಬಂತು. ಊರು ಖಾಲಿಯಾಯಿತು, ಜನ ಕೆಳಗಿಳಿದು ನೆಲೆಸಬೇಕಾಯಿತು. ಆಮೇಲೆ ನೂರು ಮನೆಗೊಬ್ಬ, ಸಾವಿರ ಮನೆಗೊಬ್ಬ ಎಂದು ಕುರಾಕರನ್ನು, ಅಂದರೆ ಮುಖಂಡರನ್ನು, ಲೆಕ್ಕಕ್ಕೆ ಕೂರಿಸಿದರು. ಪ್ರತಿ ಮನೆಯೂ ಸರದಿಯ ಮೇಲೆ ದೊರೆಗೆ ದುಡಿಯಬೇಕು. ಈ ದುಡಿಮೆಯೇ ಮಿತ. ಕಣಿವೆಯಲ್ಲಿ ಇಂಕಾಗಳ ಆಡಳಿತ ಕೇಂದ್ರವಾದ ಹತುನ್ ಶೌಶದ (ಶೌಶದ) ಮೇಲಿನ ಇಳಿಜಾರಿನಲ್ಲಿ ಸಾಲು ಸಾಲು ಕಣಜಗಳು ಎದ್ದವು. ಕಣಿವೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಣಜಗಳ ಕುರುಹು ಸಿಕ್ಕಿದೆ. ಬೆಳೆದು ತುಂಬಿದವರು ವಾಂಕಾಗಳು. ತೆಗೆದು ಹಂಚುವ ಹಕ್ಕು ಮಾತ್ರ ಇಂಕಾ ರಾಜಧಾನಿ ಕುಸ್ಕೊದ್ದು.

ಅಷ್ಟರಲ್ಲಿ ಇಂಕಾ ಅಣ್ಣತಮ್ಮಂದಿರಾದ ವಾಸ್ಕರ್, ಅತವಾಲ್ಪ ಪಟ್ಟಕ್ಕಾಗಿ ಬಡಿದಾಡಿಕೊಂಡರು. ವಾಂಕಾಗಳು ವಾಸ್ಕರನ ಕಡೆ ನಿಂತರು. ಗೆದ್ದದ್ದು ಅತವಾಲ್ಪ. ಅವನ ಸೇನಾಪತಿ ಚಲ್ಕುಚಿಮ ಶೌಶದಲ್ಲೇ ಬೀಡುಬಿಟ್ಟ. 1533ರಲ್ಲಿ ಸ್ಪೇನಿನವರು ಅತವಾಲ್ಪನನ್ನು ಕೊಂದಾಗ ಈ ಜನರಿಗೆ ಹೇಗನ್ನಿಸಿರಬೇಡ! ದ್ರೋಹ ಎನ್ನಲು ಮೊದಲು ನಿಷ್ಠೆ ಇರಬೇಕು, ಅಲ್ವಾ? ಗೆದ್ದು ಆಳುವವನ ವಿರುದ್ಧ ಜೊತೆಗಾರನನ್ನು ಹುಡುಕುವುದು ಯಾವ ನಾಡಿನ ಮುಖಂಡನೂ ಮಾಡುವ ಕೆಲಸ. ಅವರು ಸುಮ್ನೆ ತಲೆಬಾಗಲೂ ಇಲ್ಲ. ಸ್ಪೇನಿನವರಿಗೆ ಕೊಟ್ಟದ್ದನ್ನೆಲ್ಲ ಕಿಪು ಎಂಬ ಲೆಕ್ಕದ ಹಗ್ಗಗಳಲ್ಲಿ ಗಂಟು ಹಾಕಿ ಇಟ್ಟುಕೊಂಡರು. ಕೊಟ್ಟದ್ದು ಸಾಲ, ಕಾಣಿಕೆಯಲ್ಲ ಎಂದೇ ಅವರ ನಂಬಿಕೆ.

ವಿರೋಧ

ಅದೇ ಕಿಪುಗಳನ್ನು ಬಿಡಿಸಿ ನೋಡೋಣ. 1558ರಿಂದೀಚೆಗೆ ಕುರಾಕರು ಅವನ್ನು ಲಿಮಾದಲ್ಲಿದ್ದ ಸ್ಪೇನಿನವರ ನ್ಯಾಯಾಲಯಕ್ಕೆ ಹೊತ್ತು ತಂದರು. ಮೆಕ್ಕೆಜೋಳ, ಲಾಮಾ ಎಂಬ ಹೊರೆ ಹೊರುವ ಪ್ರಾಣಿ, ಮಡಕೆ, ಚಪ್ಪಲಿ, ಸೌದೆ ಎಲ್ಲದಕ್ಕೂ ಲೆಕ್ಕ ಇತ್ತು. ಸ್ಪೇನಿನವರು ದೋಚಿಕೊಂಡು ಹೋದದ್ದಕ್ಕೂ ಬೇರೆ ಲೆಕ್ಕ ಇತ್ತು. ಹೊರೆ ಹೊರಲು ಕೊಟ್ಟ ಗಂಡಸರು, ಹೆಂಗಸರೂ ಆ ಗಂಟುಗಳಲ್ಲೇ ಇದ್ದರು. ನನಗೆ ಸಂಕಟವಾಗುವುದು ಇಲ್ಲೇ. ಮುಖಂಡನೊಬ್ಬ ತನ್ನ ಜನರನ್ನೂ ಲಾಮಾಗಳನ್ನೂ ಒಂದೇ ಹಗ್ಗದಲ್ಲಿ ಎಣಿಸಿದ್ದಾನೆ.

1533ರ ಆಯ್ಕೆಯನ್ನು ಒಪ್ಪಬಹುದು. ಆಗ ಸ್ಪೇನಿನವರು ಎಂಥವರೆಂದು ಯಾರಿಗೆ ಗೊತ್ತಿತ್ತು? ಆದರೆ 1536ರಲ್ಲಿ ಇಂಕಾ ದೊರೆ ಮಾಂಕೊ ಸ್ಪೇನಿನವರ ವಿರುದ್ಧ ದಂಗೆ ಎದ್ದಾಗ ಮೂರು ವರ್ಷದ ಅನುಭವ ಕಣ್ಣಮುಂದೆಯೇ ಇತ್ತು. ಆಗಲೂ ವಾಂಕಾ ಕುರಾಕರು ಸ್ಪೇನಿನವರನ್ನು ಬಿಡಲಿಲ್ಲ. ಮಾಂಕೊ ಸೇಡಿಗೆ ಬಂದು ಅವರ ದೈವ ವಾರಿವಿಲ್ಕವನ್ನೇ ಎಳೆದು ಹೊಳೆಗೆ ಎಸೆಸಿದ.

ಇಂಕಾಗಳ ಮಿತದಲ್ಲಿ ದುಡಿದವನಿಗೆ ಊಟ, ಚಿಚ ಮದ್ಯ ಕೊಡುವುದು ದೊರೆಯ ಕರ್ತವ್ಯವಾಗಿತ್ತು. ಸ್ಪೇನಿನವರು ಮಿತದ ಹೆಸರನ್ನು ಉಳಿಸಿಕೊಂಡು ಆ ಕರ್ತವ್ಯವನ್ನು ಕೈಬಿಟ್ಟರು. ಫೆಲಿಪೆ ಗ್ವಾಕ್ರಪೌಕರ್ ಎಂಬ ಕುರಾಕ ಮನೆತನದವನು 1560ರ ದಶಕದಲ್ಲಿ ಸ್ಪೇನಿಗೇ ಹೋಗಿ ಅಲ್ಲಿನ ದೊರೆಯಿಂದ ಮನೆತನದ ಲಾಂಛನ ಪಡೆದು ಬಂದ. ಅದೇ ದಶಕದಲ್ಲಿ ವಾಂಕವೆಲಿಕದ ಪಾದರಸದ ಗಣಿ ಸ್ಪೇನಿನವರಿಗೆ ತಿಳಿಯಿತು. ಅಲ್ಲಿನ ವಿಷದ ದೂಳಿಗೆ ಮಿತದ ಹೆಸರಿನಲ್ಲಿ ಸರದಿ ಕಳಿಸಬೇಕಾದ ಊರುಗಳಲ್ಲಿ ಶೌಶ ಕಣಿವೆಯ ಊರುಗಳೂ ಸೇರಿದವು.