ಬಾಂಬಿಗೆ ಒಪ್ಪಂದ ಉಂಟು, ವಾಯಿದೆಗೆ?

ನಮ್ಮ ಪಕ್ಕದ ಮನೆ ರಾಯರು ಈ ಬೇಸಿಗೆಯಲ್ಲಿ ಮನಾಲಿಗೆ ಹೋಗಿ ಬಂದರು. ಹಾಗೇ ನಗ್ಗರ್‌ನಲ್ಲಿ ರೋರಿಕ್ ಮನೆಯನ್ನೂ ನೋಡಿದರಂತೆ. “ಏನ್ ಜಾಗ ರೀ! ಅವರ ಹಳೇ ಕಾರನ್ನೂ ಜೋಪಾನ ಮಾಡಿದ್ದಾರೆ. ನಮ್ಮ ಕಡೆ ಇಂಥದ್ದು ಒಂದಾದ್ರೂ ಇದೆಯಾ?” ಎಂದರು.

ಇದೆ ರಾಯರೇ. ನೀವು ಟ್ರಾಫಿಕ್‌ನಲ್ಲಿ ಕೂತು ಬೈಯುವ ಕನಕಪುರ ರಸ್ತೆಯಲ್ಲೇ ಇದೆ. 468 ಎಕರೆಯ ತಾತಗುಣಿ ಎಸ್ಟೇಟು!

ರಷ್ಯಾದ ಚಿತ್ರಕಾರ ನಿಕೊಲಾಯ್ ರೋರಿಕ್ 1928ರಲ್ಲಿ ಕುಲು ಕಣಿವೆಗೆ ಬಂದು ನೆಲೆಸಿದರು. ಹಿಮದ ಬೆಟ್ಟಗಳನ್ನು ಬರೆದದ್ದೇ ಬರೆದದ್ದು. 1942ರಲ್ಲಿ ನೆಹರೂ ಮಗಳ ಜೊತೆ ಅಲ್ಲಿಗೆ ಹೋಗಿದ್ದರು. ಈ ಮನುಷ್ಯನಿಗೆ ಒಂದೇ ಚಿಂತೆ: ಯುದ್ಧ ಬಂದರೆ ಮ್ಯೂಸಿಯಂ, ಗುಡಿ, ಗೋಪುರಗಳ ಗತಿ ಏನು? ಅವರ ಪಟ್ಟಿನಿಂದಲೇ 1935ರಲ್ಲಿ ವಾಷಿಂಗ್ಟನ್‌ನಲ್ಲಿ 21 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಬಿಳಿ ಬಾವುಟ, ಕೆಂಪು ಬಳೆ, ಒಳಗೆ ಮೂರು ಕೆಂಪು ಚುಕ್ಕೆ. ಅದು ಹಾರುವ ಕಡೆ ಯಾರೂ ಬಾಂಬು ಹಾಕಬಾರದು.

ಚಿತ್ರಕಾರ ಮಗ ಸ್ವೆತೊಸ್ಲಾವ್, ಸಿನಿಮಾ ತಾರೆಯಾಗಿದ್ದ ಸೊಸೆ ದೇವಿಕಾ ರಾಣಿ ಬೆಟ್ಟ ಇಳಿದು ಬೆಂಗಳೂರಿಗೆ ಬಂದರು. ತಾತಗುಣಿ ತೋಟದಲ್ಲಿ ಲಿನಾಲೋ ಮರ ಬೆಳೆಸಿ ಸುಗಂಧದ ಎಣ್ಣೆ ತೆಗೆಸಿದರು. ಇಲ್ಲಿ ಯಾವ ಯುದ್ಧ ಬಂದೀತು ಎಂದುಕೊಂಡಿರಬೇಕು, ಪಾಪ. 1993ರಲ್ಲಿ ಸ್ವೆತೊಸ್ಲಾವ್ ತೀರಿಕೊಂಡರು, ಮರುವರ್ಷ ದೇವಿಕಾ ರಾಣಿ. ಮಕ್ಕಳಿರಲಿಲ್ಲ. ಆಮೇಲೆ ಬಿದ್ದದ್ದು ಬಾಂಬಲ್ಲ, ಕೋರ್ಟಿನ ವಾಯಿದೆ.

1996ರಲ್ಲಿ ಸರ್ಕಾರ ಕಾನೂನು ಮಾಡಿ ಎಸ್ಟೇಟನ್ನು ತನ್ನದಾಗಿಸಿಕೊಂಡಿತು. ಉದ್ದೇಶ ದೊಡ್ಡದೇ: ಚಿತ್ರಗಳನ್ನು ಕಾಪಾಡುವುದು, ಮ್ಯೂಸಿಯಂ ಮಾಡುವುದು. ಕಾನೂನು ಸರಿಯೋ ತಪ್ಪೋ ಎನ್ನುವ ತಕರಾರು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ತನಕ ಹೋಯಿತು. ಸರಿ ಎಂದು ತೀರ್ಪು ಬಂದದ್ದು 2011ರಲ್ಲಿ. ಬರೀ 15 ವರ್ಷ! ಅಷ್ಟರಲ್ಲಿ ತಾತಗುಣಿಗೆ ಬೇರೆಯೇ ಖ್ಯಾತಿ ಬಂದಿತ್ತು. ಲಾ ಓದುವ ಹುಡುಗರನ್ನು ಕೇಳಿ, ಆಸ್ತಿ ಹಕ್ಕಿನ ಪಾಠದಲ್ಲಿ ಈ ಎಸ್ಟೇಟಿನ ಕೇಸನ್ನು ಪುಟಗಟ್ಟಲೆ ಓದಿರುತ್ತಾರೆ. ಅಲ್ಲಿ ಚಿತ್ರ ಬರೆಯುತ್ತಿದ್ದವರು ಯಾರು ಎಂದು ಮಾತ್ರ ಕೇಳಬೇಡಿ, ಸಿಲೆಬಸ್‌ನಲ್ಲಿ ಇಲ್ಲ.

ಬನ್ನೇರುಘಟ್ಟ ಕಾಡಿನ ಆನೆಗಳು ಮಾತ್ರ ತೋಟಕ್ಕೆ ಆರಾಮಾಗಿ ಬಂದು ಹೋಗುತ್ತವೆ. ಅವಕ್ಕೆ ತಡೆಯಾಜ್ಞೆ ಓದಲು ಬರುವುದಿಲ್ಲವಲ್ಲ.

ತಪ್ಪು ಬಾವುಟದ್ದೇ ಇರಬೇಕು ಎಂದು ನನ್ನ ಗುಮಾನಿ. ಮೂರು ಚುಕ್ಕೆ ಕಂಡರೆ ನಮ್ಮ ಕಡತದವರು ಏನೆಂದು ಓದಿಕೊಳ್ಳುತ್ತಾರೆ ಹೇಳಿ?

ಮುಂದುವರಿಯುವುದು...