ಮೇ ತಿಂಗಳ ಕಲಬುರಗಿಯಲ್ಲಿ ಸಮುದ್ರದ ಮೀನು

ಕಲಬುರಗಿಯಲ್ಲಿ ಕ್ಲೌನ್ ಮೀನು, ಅಂದರೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಆ ಪುಟ್ಟ ಸಮುದ್ರದ ಮೀನು, ಸಾಕುವುದು ಹುಚ್ಚಾಟ ಎನ್ನುವವರ ಮಾತಿಗೆ ಇಷ್ಟು ದಿನ ಉತ್ತರ ಕೊಟ್ಟಿರಲಿಲ್ಲ. "ಸಮುದ್ರ ಎಲ್ಲಿ, ನಾವೆಲ್ಲಿ? ಈ ಬಿಸಿಲಿಗೆ ಮನುಷ್ಯರೇ ಬೇಯುತ್ತಾರೆ, ಮೀನು ಉಳಿಯುತ್ತದೆಯೇ?" ಎಂಬುದು ಅವರ ವಾದ. ನನ್ನ ಕಸುಬು ಕೂಲರ್ ಮತ್ತು ಇನ್ವರ್ಟರ್ ರಿಪೇರಿ. ಆ ಕಸುಬಿನ ಬಲದಿಂದಲೇ ಹೇಳುತ್ತೇನೆ: ಬರೀ ಫ್ಯಾನ್ ಹಚ್ಚಿ ಟ್ಯಾಂಕಿನ ನೀರನ್ನು ತಂಪಾಗಿಡುವ ಮಾತಾದರೆ, ಮೇ ತಿಂಗಳಲ್ಲಿ ಮಂಗಳೂರಿನವರಿಗಿಂತ ನಾವೇ ವಾಸಿ. ನಗುವವರು ನಕ್ಕು ಮುಗಿಸಿ ಮುಂದೆ ಓದಿ.

ಕ್ಲೌನ್ ಮೀನಿಗೆ 25ರಿಂದ 27 ಡಿಗ್ರಿಯ ನೀರು ಹಿತ. ಅದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಾದರೆ ತಡೆದುಕೊಳ್ಳುತ್ತದೆ. 32ರ ಹತ್ತಿರ ಹೋಗಿ ನಿಂತರೆ ಕಷ್ಟ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಉಪ್ಪುನೀರಿನಲ್ಲಂತೂ ಅದು ಮೊದಲೇ ಸಿಹಿನೀರಿಗಿಂತ ಕಡಿಮೆ. ಹೊರಗೆ 42 ಡಿಗ್ರಿ ಸುಡುವಾಗ ಟ್ಯಾಂಕನ್ನು 27ರಲ್ಲಿ ಹಿಡಿದಿಡುವುದು ಹೇಗೆ? ಮನೆಮನೆಯ ಕಿಟಕಿಗೆ ನೇತುಬಿದ್ದಿರುವ ಕೂಲರ್‌ನಲ್ಲಿಯೇ ಉತ್ತರವಿದೆ. ನಮ್ಮದು ಒಣ ಬಿಸಿಲು. ಗಾಳಿಗೆ ನೀರಿನ ದಾಹವಿದೆ, ಹೀರಿಕೊಳ್ಳುವಾಗ ಶಾಖವನ್ನೂ ಕೊಂಡೊಯ್ಯುತ್ತದೆ. ಕರಾವಳಿಯಲ್ಲಿ ಉಷ್ಣತೆ 33–34 ಇದ್ದರೂ ಗಾಳಿ ತೇವ ತುಂಬಿಕೊಂಡು ಕುಳಿತಿರುತ್ತದೆ, ಮೈ ಬೆವರೇ ಆರುವುದಿಲ್ಲ. ಆದ್ದರಿಂದಲೇ ಅಲ್ಲಿ ಕೂಲರ್ ಕೊಂಡವನು ಪೆಟ್ಟಿಗೆಯೊಳಗಿನ ಫ್ಯಾನ್ ಕೊಂಡಂತೆ.

ಲೆಕ್ಕ ಬೇಕೆನ್ನುವವರಿಗೆ: ನೂರು ಲೀಟರ್ ಟ್ಯಾಂಕಿನಿಂದ ಒಂದು ಲೀಟರ್ ನೀರು ಆವಿಯಾಯಿತು ಎನ್ನಿ. ಅದಕ್ಕೆ ಬೇಕಾದ ಶಾಖವೆಲ್ಲ ಉಳಿದ ನೀರಿನಿಂದಲೇ ಬಂದರೆ, ಆ ನೀರು ಐದು ಡಿಗ್ರಿಗೂ ಹೆಚ್ಚು ತಣ್ಣಗಾಗುತ್ತದೆ. ಕೋಣೆಯ ಬಿಸಿ ಮತ್ತೆ ಒಳಗೆ ಬರುತ್ತಲೇ ಇರುವುದರಿಂದ ಪೂರ್ತಿ ಲಾಭ ಸಿಗುವುದಿಲ್ಲ, ಆದರೂ ನೀರಿನ ಮೇಲ್ಮೈಗೆ ತಾಗುವಂತೆ ಇಟ್ಟ ಒಂದು ಸಣ್ಣ ಟೇಬಲ್ ಫ್ಯಾನ್ ಮಾಡುವ ಕೆಲಸ ದೊಡ್ಡದು. ಗಾಜಿನ ಮುಚ್ಚಳ ತೆಗೆದು ಬಲೆ ಹಾಕಬೇಕು. ಕೋಣೆಯಲ್ಲಿ ಕೂಲರ್ ಓಡುತ್ತಿದ್ದರೆ ಎದುರಿನ ಕಿಟಕಿಯೋ ಬಾಗಿಲೋ ತೆರೆದಿರಬೇಕು. ಇಲ್ಲದಿದ್ದರೆ ಕೂಲರ್ ಬಿಟ್ಟ ತೇವವೇ ಕೋಣೆಯಲ್ಲಿ ತುಂಬಿ, ಟ್ಯಾಂಕಿನ ಫ್ಯಾನಿಗೆ ಕೆಲಸವಿಲ್ಲದಂತಾಗುತ್ತದೆ. ನಿಜವಾಗಿ ಎಚ್ಚರ ಬೇಕಾದದ್ದು ಮೇ ತಿಂಗಳಲ್ಲಲ್ಲ, ಮೊದಲ ಮಳೆ ಬಿದ್ದ ಮೇಲೆ. ಜೂನ್ ಸೆಕೆಯಲ್ಲಿ ಕೂಲರ್ ಕೈಕೊಡುತ್ತದೆಯಲ್ಲ, "ಮೋಟರ್ ಹೋಗಿದೆ, ಬಂದು ನೋಡಿ" ಎಂದು ಎಲ್ಲರೂ ನನಗೆ ಫೋನ್ ಮಾಡುತ್ತಾರಲ್ಲ, ಆಗ ಮೀನಿನ ಫ್ಯಾನೂ ಕೈಕೊಡುತ್ತದೆ. ಮೋಟರಿಗೆ ಏನೂ ಆಗಿರುವುದಿಲ್ಲ.

ಈ ಅನುಕೂಲಕ್ಕೆ ಒಂದು ಬೆಲೆ ಇದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನೂರು ಲೀಟರಿನಲ್ಲಿ ಹತ್ತು ಲೀಟರ್ ಆರಿಹೋದರೆ ಅದು 39ರ ಹತ್ತಿರ ಬರುತ್ತದೆ. ಆರಿದಷ್ಟು ನೀರನ್ನು ದಿನಾ ತುಂಬಬೇಕು, ಅದೂ ಉಪ್ಪಿಲ್ಲದ ಆರ್‌ಓ ನೀರನ್ನು. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಕಡೆಯ ಬೋರ್‌ವೆಲ್ ನೀರು ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ಕಂಡಿದ್ದೀರಿ. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಬಟ್ಟೆಗೋ ನೆಲ ಒರೆಸುವುದಕ್ಕೋ ಬಳಸಿ. ಬೇಸಿಗೆಯಲ್ಲಿ ಕೊಡಗಳ ಸಾಲು ನಿಲ್ಲುವ ಊರಿನಲ್ಲಿ ಅದನ್ನು ಚರಂಡಿಗೆ ಬಿಡಲು ನನಗಂತೂ ಮನಸ್ಸು ಬರುವುದಿಲ್ಲ. ಟ್ಯಾಂಕಿನಿಂದ ತೆಗೆದ ಹಳೆಯ ಉಪ್ಪುನೀರು ಮಾತ್ರ ಗಿಡಗಳಿಗೆ ಬೇಡ. "ಮೀನಿನ ನೀರು ಒಳ್ಳೆಯ ಗೊಬ್ಬರ" ಎಂದು ತುಳಸಿಕಟ್ಟೆಗೆ ಸುರಿದರೆ ತುಳಸಿ ಒಣಗುತ್ತದೆ.

ಉಪ್ಪು ಎಂದಾಗ ಅಡುಗೆ ಉಪ್ಪಲ್ಲ, ಕಿರಾಣಿ ಅಂಗಡಿಯ ಹರಳುಪ್ಪೂ ಅಲ್ಲ. ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ ಎಲ್ಲ ಪ್ರಮಾಣದಲ್ಲಿ ಸೇರಿಸಿದ ಮರೈನ್ ಸಾಲ್ಟ್ ಬೇರೆಯೇ ಸಿಗುತ್ತದೆ. ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ಅಳೆಯಲು ರಿಫ್ರ್ಯಾಕ್ಟೋಮೀಟರ್ ಎಂಬ ಉಪಕರಣ ಬೇಕು. ನಾಲಿಗೆಯ ಮೇಲಿಟ್ಟು ನೋಡುವ ಕೆಲಸ ಸಾರಿಗೆ ಸಾಕು, ಮೀನಿಗೆ ಸಾಲದು. ಶಹಾಬಾದ್ ಪರಸಿಯ ತುಂಡುಗಳನ್ನು ಹಾಕಬಹುದೇ ಎಂದು ಹಲವರು ಕೇಳಿದ್ದಾರೆ. ಕೇಳುವುದರಲ್ಲಿ ಅರ್ಥವಿದೆ. ನಾವು ದಿನಾ ಕಾಲಿಡುವ ಆ ಸುಣ್ಣಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತದ್ದೇ. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳು ನಡೆಯುವುದು ಅದರಿಂದಲೇ. ಆದರೆ ಪಿಎಚ್ ಎಂಟರ ಮೇಲಿರುವ, ಅಂದರೆ ಹುಳಿಯಿಲ್ಲದ ಟ್ಯಾಂಕಿನ ನೀರಿನಲ್ಲಿ ಅದು ಕರಗಿ ಕ್ಯಾಲ್ಸಿಯಂ ಕೊಡುತ್ತದೆ ಎಂಬ ಆಸೆ ಬೇಡ. ಅಲ್ಲಿ ಅದು ಬರೀ ಕಲ್ಲು.

ಹಾಗಾದರೆ ನಮ್ಮೂರಿನಲ್ಲಿ ಇಷ್ಟೊಂದು ಕ್ಲೌನ್ ಮೀನುಗಳು ಸಾಯುವುದೇಕೆ? ಅವಸರಕ್ಕೆ. ಟ್ಯಾಂಕ್, ಉಪ್ಪು, ಮೀನು ಎಲ್ಲವನ್ನೂ ಒಂದೇ ಸಂಜೆ ಕಟ್ಟಿಕೊಡುವ ಅಂಗಡಿಯವರಿದ್ದಾರೆ, ಮಗುವಿನ ಹುಟ್ಟುಹಬ್ಬಕ್ಕೆ ಹಾಗೆಯೇ ಬೇಕು ಎನ್ನುವ ತಂದೆತಾಯಿಗಳೂ ಇದ್ದಾರೆ. ಮೀನು ವಿಸರ್ಜಿಸುವ ಅಮೋನಿಯಾ ಅದಕ್ಕೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವು ಕಲ್ಲು, ಮರಳಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಟ್ಯಾಂಕಿನಲ್ಲಿ ಮೀನಿರಬಾರದು. ಚಿಟಿಕೆ ಮೀನಿನ ಆಹಾರ ಹಾಕಿ, ಅದು ಕೊಳೆತು, ಅಮೋನಿಯಾ ಏರಿ ಇಳಿಯುವುದನ್ನು ಪರೀಕ್ಷಾ ಕಿಟ್‌ನಲ್ಲಿ ನೋಡುತ್ತ ಕೂರಬೇಕು. ಬಂದವರೆಲ್ಲ "ಮೀನೆಲ್ಲಿ?" ಎಂದು ಕೇಳುತ್ತಾರೆ. ಕೇಳಲಿ. ಇಷ್ಟು ತಾಳ್ಮೆ ಇಲ್ಲದವರು ಸಿಹಿನೀರಿನ ಗಪ್ಪಿ ಮೀನು ಸಾಕಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ, ಬೇಸರವಾದರೆ ಆಗಲಿ.

ಇನ್ನೊಂದು ಜಗಳ ಅನಿಮೊನ್ ಕುರಿತು. ಓಣಿಯ ಹುಡುಗನೊಬ್ಬ ಟ್ಯಾಂಕ್ ನೋಡಿ, "ಕಾಕಾ, ಈ ಮೀನಿನ ಹೂವು ಎಲ್ಲಿ?" ಎಂದು ಕೇಳಿದ. ಕಾರ್ಟೂನಿನಲ್ಲಿ ನೋಡಿದ್ದಾನೆ. ಅನಿಮೊನ್ ಹೂವಿನಂತೆ ಕಂಡರೂ ಪ್ರಾಣಿ, ಅದರ ಕುಡಿಗಳಲ್ಲಿ ಕುಟುಕುವ ಕೋಶಗಳಿವೆ. ಕ್ಲೌನ್ ಮೀನಿನ ಮೈಮೇಲಿನ ಲೋಳೆ ಅದನ್ನು ಕಾಪಾಡುವುದರಿಂದ ದೊಡ್ಡ ಮೀನುಗಳಿಗೆ ಹೆದರಿ ಅಲ್ಲಿ ಅಡಗುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಅದನ್ನು ತಿನ್ನುವವರು ಯಾರೂ ಇಲ್ಲ. ಅನಿಮೊನ್ ಇಲ್ಲದೆ ಅದು ಸುಖವಾಗಿರುತ್ತದೆ. ಕುಂಬಾರನ ಒಂದು ಕುಡಿಕೆ ಮಲಗಿಸಿಟ್ಟರೆ ಅದನ್ನೇ ಮನೆ ಮಾಡಿಕೊಳ್ಳುತ್ತದೆ. ಅನಿಮೊನ್‌ಗಾದರೆ ತೀಕ್ಷ್ಣ ಬೆಳಕು ಬೇಕು, ತಿಂಗಳುಗಟ್ಟಲೆ ಪಳಗಿದ ನೀರು ಬೇಕು. ಜಾಗ ಹಿಡಿಸದಿದ್ದರೆ ಅದು ತೆವಳಿ ಹೋಗಿ ಪಂಪಿಗೆ ಸಿಕ್ಕಿಕೊಳ್ಳುತ್ತದೆ, ಸತ್ತರೆ ಇಡೀ ಟ್ಯಾಂಕನ್ನು ಕೆಡಿಸುತ್ತದೆ. ಸಮುದ್ರದಲ್ಲಿ ದಶಕಗಟ್ಟಲೆ ಬದುಕಬಲ್ಲ ಜೀವವನ್ನು ಕಿತ್ತು ತಂದು ನಮ್ಮ ಹಾಲ್‌ನಲ್ಲಿ ಕೊಲ್ಲುವುದಕ್ಕೆ ಅಲಂಕಾರ ಎಂದು ಹೆಸರಿಡಲಾರೆ. ಹವಳದ ಮಾತಂತೂ ಬೇರೆಯೇ: ನಮ್ಮ ಸಮುದ್ರದ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ದೂರವಿರಿ.

ಮೀನನ್ನೂ ಸಮುದ್ರದಿಂದ ಹಿಡಿದದ್ದು ಬೇಡ, ಮರಿ ಮಾಡಿಸಿ ಬೆಳೆಸಿದ್ದನ್ನೇ ಕೇಳಿ. ಸಮುದ್ರದ ಮೀನುಗಳಲ್ಲಿ ಸೆರೆಯಲ್ಲಿ ಸುಲಭವಾಗಿ ಮರಿ ಮಾಡುವವು ಕೆಲವೇ, ಅವುಗಳಲ್ಲಿ ಕ್ಲೌನ್ ಮುಂದಿನ ಸಾಲಿನದು. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೂ ಈ ವಿದ್ಯೆಯನ್ನು ಸಾಧಿಸಿದೆ. ಹಾಗೆ ಬೆಳೆದ ಮೀನು ಒಣ ಆಹಾರವನ್ನು ಕಲಿತಿರುತ್ತದೆ, ರೋಗವೂ ಕಡಿಮೆ. ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ರಾತ್ರಿ ಬಸ್ಸಿನಲ್ಲಿ ಚೀಲ ಬಂದರೆ ಒಂದು ಮಾತು ನೆನಪಿಡಿ: ಬಿಗಿದ ಚೀಲದಲ್ಲಿ ಮೀನಿನ ಉಸಿರಿನಿಂದ ನೀರು ಹುಳಿಯಾಗಿ ಅಮೋನಿಯಾದ ವಿಷ ತಗ್ಗಿರುತ್ತದೆ. ಚೀಲ ಬಿಚ್ಚಿದೊಡನೆ ಆ ವಿಷ ಏರತೊಡಗುತ್ತದೆ. ಆದ್ದರಿಂದ ಬಿಚ್ಚದ ಚೀಲವನ್ನೇ ಟ್ಯಾಂಕಿನಲ್ಲಿ ತೇಲಿಬಿಟ್ಟು ಉಷ್ಣತೆ ಸಮ ಮಾಡಿ. ಬಿಚ್ಚಿದ ಮೇಲೆ ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬೆರೆಸುತ್ತ ಕೂರಬೇಡಿ.

ಎರಡು ಮರಿಗಳನ್ನು ಒಟ್ಟಿಗೆ ತನ್ನಿ, ಒಂದು ದೊಡ್ಡದು, ಒಂದು ಚಿಕ್ಕದು. ಗಂಡು ಯಾವುದು ಎಂದು ಬೀಗರು ಕೇಳಿದಾಗ "ಮೊದಲು ಎರಡೂ ಗಂಡಾಗಿಯೇ ಬೆಳೆಯುವವು" ಎಂದೆ; ತಮಾಷೆ ಎಂದುಕೊಂಡರು. ಈ ಮೀನಿನಲ್ಲಿ ಹುಟ್ಟು ಹೆಣ್ಣು ಎಂಬುದೇ ಇಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ಬಲಿಷ್ಠವಾದದ್ದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡಾಗಿ ಸಂಸಾರ ಮಾಡುತ್ತದೆ, ಉಳಿದವು ಸರದಿ ಕಾಯುತ್ತವೆ. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ, ಸರದಿಯಲ್ಲಿದ್ದ ದೊಡ್ಡ ಮರಿ ಗಂಡಿನ ಜಾಗಕ್ಕೆ ಬರುತ್ತದೆ. ಹೆಣ್ಣಾದ ಮೇಲೆ ಹಿಂದಿರುಗುವುದಿಲ್ಲ. ಮೊಟ್ಟೆಗಳಿಗೆ ರೆಕ್ಕೆ ಬೀಸಿ ನೀರಾಡಿಸುತ್ತ, ಕೆಟ್ಟದ್ದನ್ನು ಆರಿಸಿ ತೆಗೆಯುತ್ತ ಕಾಯುವುದು ಹೆಚ್ಚಾಗಿ ಗಂಡಿನ ಕೆಲಸ. ಬೀಗರ ಹೆಂಡತಿ ಮಾತ್ರ ಇಷ್ಟನ್ನು ಎರಡೆರಡು ಬಾರಿ ಹೇಳಿಸಿಕೊಂಡರು. ಮೂರನೆಯ ಮೀನು ತರಬೇಡಿ. ಸಣ್ಣ ಟ್ಯಾಂಕಿನಲ್ಲಿ ಜೋಡಿಯಾದ ಎರಡು ಸೇರಿ ಅದನ್ನು ಕಚ್ಚಿ ಕೊಲ್ಲುತ್ತವೆ.

ಕರೆಂಟಿನ ಬಗ್ಗೆ ಹೇಳದಿದ್ದರೆ ನನ್ನ ಕಸುಬಿಗೆ ಅವಮಾನ. ಇನ್ವರ್ಟರಿಗೆ ನೀರು ತಿರುಗಿಸುವ ಪಂಪನ್ನು, ಸಾಧ್ಯವಾದರೆ ಆ ಸಣ್ಣ ಫ್ಯಾನನ್ನು ಮಾತ್ರ ಜೋಡಿಸಿ. ದೀಪ, ಹೀಟರ್ ಬೇಡ. ಜೊತೆಗೆ ಬ್ಯಾಟರಿಯ ಏರ್ ಪಂಪ್ ಒಂದಿರಲಿ. ನೀರು ನಿಂತರೆ ಮೀನಿನ ಉಸಿರಿಗೆ ಮೊದಲು ಕುತ್ತು, ನಂತರ ಕಲ್ಲಿನ ಮೇಲಿನ ಬ್ಯಾಕ್ಟೀರಿಯಾಕ್ಕೂ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಬೇಡಿ, ದ್ರಾವಣದ ಯಂತ್ರವನ್ನೂ ಹಾಕಬೇಡಿ. ಏರ್ ಪಂಪ್ ಅದೇ ಗಾಳಿಯನ್ನು ನೀರಿಗೆ ನುಗ್ಗಿಸುತ್ತದೆ. ಅದರಲ್ಲಿರುವ ಔಷಧ ನಮಗಿಂತ ಮೀನಿಗೆ ಬಹಳ ಹೆಚ್ಚು ವಿಷ. ಸೊಳ್ಳೆ ಪರದೆ ಕಟ್ಟಿಕೊಳ್ಳಿ.

ಖರ್ಚಿನ ಬಗ್ಗೆ ಕೇಳುವವರು ಬಹಳ, ಮನೆಗೆ ಬೀಗ ಹಾಕುವ ದಿನದ ಬಗ್ಗೆ ಕೇಳುವವರಿಲ್ಲ. ಒಳ್ಳೆಯ ಆರೈಕೆಯಲ್ಲಿ ಈ ಮೀನು ಹತ್ತು ವರ್ಷ ದಾಟಿ ಬದುಕುತ್ತದೆ. ಅಷ್ಟೂ ಬೇಸಿಗೆಯಲ್ಲಿ ಮದುವೆಗಳಿರುತ್ತವೆ, ಇಡೀ ಮನೆ ಊರಿಗೆ ಹೋಗುತ್ತದೆ, ನೀರು ಅತಿ ವೇಗವಾಗಿ ಆರುವುದೂ ಆಗಲೇ. ಟ್ಯಾಂಕಿನ ಗಾಜಿಗೆ ಒಂದು ಗೆರೆ ಎಳೆದು, ಆರ್‌ಓ ನೀರಿನ ಕ್ಯಾನ್ ಪಕ್ಕದಲ್ಲಿಟ್ಟು, ನೆರೆಯವರ ಕೈಗೆ ಕೀಲಿ ಕೊಡಿ. ಗೆರೆಯವರೆಗೆ ನೀರು ಹಾಕಿದರೆ ಸಾಕು ಎನ್ನಿ. ಆಹಾರದ ಡಬ್ಬಿಯನ್ನು ಮಾತ್ರ ಕಪಾಟಿನಲ್ಲಿಟ್ಟು ಬೀಗ ಹಾಕಿ. ಬೆಳೆದ ಆರೋಗ್ಯವಂತ ಮೀನು ಎರಡು ಮೂರು ದಿನ ಉಪವಾಸ ಇರಬಲ್ಲದು. ನೆರೆಯವರ ಮಕ್ಕಳು ಪ್ರೀತಿಯಿಂದ ಸುರಿಯುವ ಅರ್ಧ ಡಬ್ಬಿ ಆಹಾರವನ್ನು ತಾಳಲಾರದು.